ರಾಜ್ಯಶಾಸ್ತ್ರ ತಗೊಂಡಿದ್ದೀರಾ? ಯಾವ ಪುಸ್ತಕ ಮೊದಲು, ಯಾವುದು ಆಮೇಲೆ, ಹೇಗೆ ಓದ್ಬೇಕು

ಡಿಗ್ರಿಗೆ ಪೊಲಿಟಿಕಲ್ ಸೈನ್ಸ್ ತಗೊಂಡವರು, ಎಂಎ ಸೇರಿದವರು, ಕೆಎಎಸ್ ಪಿಡಿಒ ಅಂತ ತಯಾರಿ ನಡೆಸ್ತಿರೋರು ಎಲ್ರೂ ಕೇಳೋ ಪ್ರಶ್ನೆ ಒಂದೇ, ಯಾವ ಬುಕ್ ಓದ್ಲಿ ಅಂತ. ಕೇಳಿದ ತಕ್ಷಣ ಯಾರಾದ್ರೂ ಒಂದು ಉದ್ದದ ಲಿಸ್ಟ್ ಕಳಿಸ್ತಾರೆ, ಪ್ಲೇಟೋ ಇಂದ ಹಿಡಿದು ಮೊನ್ನೆ ಬಂದ ಪುಸ್ತಕದವರೆಗೂ ಎಲ್ಲಾ ಇರತ್ತೆ ಅದ್ರಲ್ಲಿ, ಆದ್ರೆ ಮೊದಲು ಯಾವುದನ್ನ ತೆಗೀಬೇಕು, ಯಾವ ಪುಟದಿಂದ ಶುರು ಮಾಡ್ಬೇಕು, ಯಾವುದನ್ನ ಪೂರ್ತಿ ಓದ್ಬೇಕು, ಯಾವುದನ್ನ ಬೇಕಾದಾಗ ಮಾತ್ರ ತೆಗೆದು ನೋಡ್ಬೇಕು ಅನ್ನೋದು ಮಾತ್ರ ಇರಲ್ಲ. ಕೊನೆಗೆ ಆ ಲಿಸ್ಟು ಫೋನಲ್ಲೇ ಉಳಿಯತ್ತೆ, ಪರೀಕ್ಷೆ ಹತ್ರ ಬಂದಾಗ ಗೈಡೇ ಗತಿ ಆಗತ್ತೆ.

ಹಾಗಾಗಿ ಇಲ್ಲಿ ಹೆಸರುಗಳ ಜೊತೆ ಕ್ರಮಾನೂ ಹೇಳ್ತೀನಿ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರನ್ನ ಮನಸ್ಸಲ್ಲಿ ಇಟ್ಕೊಂಡೇ ಬರೀತಿದ್ದೀನಿ, ಯಾಕಂದ್ರೆ ಜಾಸ್ತಿ ಕಷ್ಟ ಪಡೋದು ಅವ್ರೇ, ಒಳ್ಳೇ ಪುಸ್ತಕಗಳು ಬಹುಪಾಲು ಇಂಗ್ಲಿಷಲ್ಲೇ ಇವೆ. ನಾನು ಖಚಿತವಾಗಿ ನಂಬಿರೋದು ಏನಂದ್ರೆ, ನಮ್ಮ ಕರ್ನಾಟಕದಲ್ಲೇ ನಡೆದಿರೋ ಘಟನೆಗಳನ್ನ ಹಿಡ್ಕೊಂಡು ಮೂಲ ದಾಖಲೆಗಳನ್ನೇ ಓದೋಕೆ ಶುರು ಮಾಡಿದ್ರೆ ಭಾರತದ ಸರ್ಕಾರ, ರಾಜಕೀಯ ಎರಡೂ ಬೇಗ ಅರ್ಥ ಆಗತ್ತೆ. ಮೂಲ ದಾಖಲೆ ಅಂದ್ರೆ ಸಂವಿಧಾನದ ಪಠ್ಯ, ಸಂವಿಧಾನ ಸಭೆಯ ಚರ್ಚೆ, ಕೋರ್ಟ್ ತೀರ್ಪು, ಆಯೋಗದ ವರದಿ. ಗೈಡು, ನೋಟ್ಸು ಎಲ್ಲಾ ಇವುಗಳ ಸಾರಾಂಶದ ಸಾರಾಂಶ.

ಮೊದಲು ಸಂವಿಧಾನ, ಕನ್ನಡದಲ್ಲೇ

ರಾಜ್ಯಶಾಸ್ತ್ರದಲ್ಲಿ ಎಂಎ ಮುಗಿಸಿದವರಲ್ಲೂ ಎಷ್ಟೋ ಜನ ಸಂವಿಧಾನದ ಪುಸ್ತಕ ಕೈಯಲ್ಲಿ ಹಿಡಿದೇ ಇರಲ್ಲ, ಇದು ನಿಜವಾಗ್ಲೂ ಬೇಜಾರಿನ ಸಂಗತಿ. ಕರ್ನಾಟಕ ಸರ್ಕಾರದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯವರ ಕನ್ನಡ ಅನುವಾದ ಇದೆ, ಅದನ್ನ ಇಟ್ಕೊಳ್ಳಿ, ಜೊತೆಗೆ ಇಂಗ್ಲಿಷ್ ಪಠ್ಯಾನೂ ಫೋನಲ್ಲಿ ಇರ್ಲಿ. ಕನ್ನಡದ ವಾಕ್ಯ ಕಾನೂನಿನ ಭಾಷೇಲಿ ಸ್ವಲ್ಪ ಗಟ್ಟಿ ಅನ್ಸತ್ತೆ, ಒಂದು ಸಲ ಅರ್ಥ ಆಗ್ಲಿಲ್ಲ ಅಂದ್ರೆ ಇಂಗ್ಲಿಷ್ ನೋಡಿ, ಮತ್ತೆ ಕನ್ನಡಕ್ಕೆ ಬನ್ನಿ. ಹೀಗೆ ಸ್ವಲ್ಪ ದಿನ ಮಾಡಿದ್ರೆ ಎರಡೂ ಭಾಷೆಯ ಪಾರಿಭಾಷಿಕ ಪದಗಳು ತಾನಾಗೇ ನಾಲಿಗೆ ಮೇಲೆ ಕೂರತ್ತೆ, ಉತ್ತರ ಬರೆಯೋವಾಗ ತಡಕಾಡೋ ಅಗತ್ಯ ಇರಲ್ಲ.

1ನೇ ಅನುಚ್ಛೇದದಿಂದ 395ರವರೆಗೆ ಸಾಲಾಗಿ ಓದೋಕೆ ಹೋಗ್ಬೇಡಿ, ಪೌರತ್ವದ ಹತ್ರಾನೇ ಸುಸ್ತಾಗತ್ತೆ. ಪ್ರಸ್ತಾವನೆ ಓದಿ, ಆಮೇಲೆ ಮೂಲಭೂತ ಹಕ್ಕುಗಳ 3ನೇ ಭಾಗ, ರಾಜ್ಯನೀತಿ ನಿರ್ದೇಶಕ ತತ್ವಗಳ 4ನೇ ಭಾಗ. ಅಲ್ಲಿಂದ ನೇರವಾಗಿ 74, 75ಕ್ಕೆ ಹೋಗಿ, ಪ್ರಧಾನಿ ಮತ್ತು ಮಂತ್ರಿಮಂಡಲ ಅಲ್ಲಿದೆ. ಅದರ ಪಕ್ಕದಲ್ಲೇ 163, 164 ಇಟ್ಟು ಓದಿ, ರಾಜ್ಯಪಾಲರು, ಮುಖ್ಯಮಂತ್ರಿ, ಮಂತ್ರಿಮಂಡಲದ ಸಂಬಂಧ ಅಲ್ಲಿ ಸಿಗತ್ತೆ, ರಾಷ್ಟ್ರಪತಿಗೆ ಕೊಡದೇ ಇರೋ ಒಂದು ವಿವೇಚನಾಧಿಕಾರವನ್ನ ರಾಜ್ಯಪಾಲರಿಗೆ ಎಷ್ಟು ಸ್ಪಷ್ಟವಾಗಿ ಬರೆದು ಕೊಟ್ಟಿದ್ದಾರೆ ಅಂತ ನಿಮಗೇ ಕಾಣತ್ತೆ. ಆಮೇಲೆ ರಾಷ್ಟ್ರಪತಿ ಆಳ್ವಿಕೆಯ 356, ಸಂವಿಧಾನ ತಿದ್ದುಪಡಿಯ 368. ಕೊನೆಗೆ ಕೇಂದ್ರ, ರಾಜ್ಯಗಳಿಗೆ ವಿಷಯಗಳನ್ನ ಹಂಚೋ 7ನೇ ಅನುಸೂಚಿಯ ಮೂರು ಪಟ್ಟಿಗಳು. ಈ ಪಟ್ಟಿಗಳನ್ನ ಓದೋವಾಗ ಅವತ್ತಿನ ಪೇಪರ್ ಪಕ್ಕದಲ್ಲಿ ಇಟ್ಕೊಂಡು ಒಂದೊಂದು ಸುದ್ದಿ ಯಾವ ಪಟ್ಟಿಗೆ ಬರತ್ತೆ ಅಂತ ಗುರುತು ಹಾಕಿ. ಪೊಲೀಸು ರಾಜ್ಯದ್ದು, ರಕ್ಷಣೆ ಕೇಂದ್ರದ್ದು ಅಂತ ಎಲ್ರಿಗೂ ಗೊತ್ತು, ಆದ್ರೆ ಶಿಕ್ಷಣ 1976ರ 42ನೇ ತಿದ್ದುಪಡೀಲಿ ರಾಜ್ಯ ಪಟ್ಟಿಯಿಂದ, ಎರಡೂ ಸರ್ಕಾರ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋಯ್ತು ಅನ್ನೋದು ತಿಳಿದ್ರೆ ಇವತ್ತಿನ ನೀಟ್ ಜಗಳ, ಶಿಕ್ಷಣ ನೀತಿಯ ಜಗಳ ಎರಡರ ಬುಡಾನೂ ಸಿಕ್ಕಿಬಿಡತ್ತೆ.

ಅಡಿಟಿಪ್ಪಣಿಗಳನ್ನ ಬಿಡ್ಬೇಡಿ. ಯಾವ ತಿದ್ದುಪಡಿ ಯಾವಾಗ ಏನನ್ನ ಸೇರಿಸ್ತು, ಏನನ್ನ ತೆಗೀತು ಅನ್ನೋದೆಲ್ಲಾ ಅಲ್ಲೇ ಇರತ್ತೆ. ಆಸ್ತಿ ಹಕ್ಕು ಮೂಲಭೂತ ಹಕ್ಕಾಗಿತ್ತು, 1978ರ 44ನೇ ತಿದ್ದುಪಡೀಲಿ ಅದು 300ಎ ಆಗಿ ಬೇರೆ ಕಡೆ ಹೋಯ್ತು ಅನ್ನೋದನ್ನ ಅಡಿಟಿಪ್ಪಣಿಯಲ್ಲಿ ನೋಡಿದವರು ಮರೆಯಲ್ಲ. ಹಾಗೇ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡೋ 371ಜೆ ನೋಡಿ, 2012ರ 98ನೇ ತಿದ್ದುಪಡಿ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ ಕಡೆಯ ವಿದ್ಯಾರ್ಥಿಗಳಿಗೆ ಇದು ಸೀಟು, ಕೆಲಸ ಎರಡರಲ್ಲೂ ದಿನಾ ಎದುರಾಗೋ ವಿಷಯ, ಆದ್ರೂ ಆ ಅನುಚ್ಛೇದದ ಪಠ್ಯ ಓದಿದವರು ಕಮ್ಮಿ. ಒಂದು ಪುಟದಷ್ಟೇ ಇದೆ, ಇವತ್ತೇ ಓದ್ಬಹುದು.

ಆಮೇಲೆ ಪಠ್ಯಪುಸ್ತಕ, ಅದೂ ಸಣ್ಣದ್ರಿಂದ

ಎನ್‌ಸಿಇಆರ್‌ಟಿ 11ನೇ ಕ್ಲಾಸಿನ ಎರಡು ಪುಸ್ತಕ, ಇಂಡಿಯನ್ ಕಾನ್‌ಸ್ಟಿಟ್ಯೂಷನ್ ಅಟ್ ವರ್ಕ್ ಮತ್ತು ಪೊಲಿಟಿಕಲ್ ಥಿಯರಿ, ಹಾಗೇ 12ನೇ ಕ್ಲಾಸಿನ ಪಾಲಿಟಿಕ್ಸ್ ಇನ್ ಇಂಡಿಯಾ ಸಿನ್ಸ್ ಇಂಡಿಪೆಂಡೆನ್ಸ್, ಇವು ಮೂರನ್ನ ಮಕ್ಕಳ ಪುಸ್ತಕ ಅಂತ ತಳ್ಳಿಹಾಕ್ಬೇಡಿ. ಎಂಎ ಓದೋರೂ ಮೊದಲು ಇವನ್ನೇ ಓದ್ಲಿ ಅಂತ ನಾನು ಹೇಳ್ತೀನಿ. ಇಂಗ್ಲಿಷ್ ಸರಳವಾಗಿದೆ, ಪಿಡಿಎಫ್ ಫ್ರೀ ಸಿಗತ್ತೆ. ಒಂದು ಮುಖ್ಯವಾದ ಮಾತು, ಕೆಲವು ವರ್ಷದ ಹಿಂದೆ ಇವುಗಳಿಂದ ಕೆಲವು ಅಧ್ಯಾಯ ತೆಗೆದುಹಾಕಿದ್ರು, 12ನೇ ಕ್ಲಾಸಿನ ಪುಸ್ತಕದಿಂದ ಜನಚಳವಳಿಗಳ ಅಧ್ಯಾಯ ಪೂರ್ತಿ ಹೋಯ್ತು. ಹಾಗಾಗಿ ಸೀನಿಯರ್ಸ್ ಹತ್ರ ಅಥವಾ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಹಳೇ ಪ್ರಿಂಟ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಚಿಪ್ಕೋ, ದಲಿತ್ ಪ್ಯಾಂಥರ್ಸ್, ರೈತರ ಹೋರಾಟ ಇವುಗಳ ಬಗ್ಗೆ ಅಷ್ಟು ಚೊಕ್ಕವಾಗಿ ಬರೆದಿರೋದು ಆ ಮಟ್ಟದಲ್ಲಿ ಬೇರೆ ಸಿಗೋದು ಕಷ್ಟ.

ಇದಾದ ಮೇಲೆ ಡಿ.ಡಿ. ಬಸು ಅವರ ಇಂಟ್ರೊಡಕ್ಷನ್ ಟು ದಿ ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ, ಇಲ್ಲಾಂದ್ರೆ ಎಂ. ಲಕ್ಷ್ಮೀಕಾಂತ್ ಅವರ ಇಂಡಿಯನ್ ಪಾಲಿಟಿ. ಎರಡೂ ಬೇಕಾ ಅಂತ ಕೇಳ್ತಾರೆ. ಕಾಂಪಿಟಿಟಿವ್ ಪರೀಕ್ಷೆ ಬರೆಯೋರಿಗೆ ಲಕ್ಷ್ಮೀಕಾಂತ್ ಸಾಕು, ಪಾಯಿಂಟ್ ಪಾಯಿಂಟ್ ಆಗಿದೆ, ರಿವಿಷನ್ ಸುಲಭ. ಆದ್ರೆ ವಿಷಯವನ್ನೇ ಓದ್ಬೇಕು ಅಂತ ಇರೋರು ಅದೊಂದನ್ನೇ ನಂಬ್ಕೊಂಡ್ರೆ ಅಧಿಕಾರಗಳ ಪಟ್ಟಿ ಬಾಯಿಪಾಠ ಆಗತ್ತೆ ಹೊರತು ಆ ಅಧಿಕಾರವನ್ನ ಯಾರು ಯಾಕೆ ಯಾವ ಸಂದರ್ಭದಲ್ಲಿ ಉಪಯೋಗಿಸಿದ್ರು ಅನ್ನೋದು ಗೊತ್ತಾಗಲ್ಲ. ಬಸು ಓದೋಕೆ ನಿಧಾನ, ವಕೀಲರ ಭಾಷೆ, ಆದ್ರೆ ತರ್ಕ ಇದೆ. ಸುಭಾಷ್ ಕಶ್ಯಪ್ ಅವರ ಅವರ್ ಕಾನ್‌ಸ್ಟಿಟ್ಯೂಷನ್, ಅವರ್ ಪಾರ್ಲಿಮೆಂಟ್ ಎರಡೂ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಣೆ, ಬೆಲೆ ಕಮ್ಮಿ. ಕಶ್ಯಪ್ ಲೋಕಸಭೆಯ ಸೆಕ್ರೆಟರಿ ಜನರಲ್ ಆಗಿದ್ದವರು, ಹಾಗಾಗಿ ಪ್ರಶ್ನೋತ್ತರ ಅವಧಿ, ಶೂನ್ಯವೇಳೆ, ನಿಲುವಳಿ ಸೂಚನೆ ಎಲ್ಲಾ ಒಳಗಿಂದ ನೋಡಿದವರ ಹಾಗೆ ಬರೀತಾರೆ.

ಸಂವಿಧಾನ ಸಭೆಯ ಚರ್ಚೆಗಳು

ಈ ಹಂತವನ್ನ ಜನ ಬಿಟ್ಟೇಬಿಡ್ತಾರೆ, 12 ಸಂಪುಟ ಅಂತ ಕೇಳಿದ್ರೇ ಹೆದರಿಕೆ. ಪೂರ್ತಿ ಓದಿ ಅಂತ ಯಾರೂ ಹೇಳ್ತಿಲ್ಲ. ಎರಡು ಭಾಷಣದಿಂದ ಶುರು ಮಾಡಿ. ಕರಡನ್ನ ಸಭೆ ಮುಂದೆ ಇಡ್ತಾ 1948ರ ನವೆಂಬರ್ 4ರಂದು ಅಂಬೇಡ್ಕರ್ ಮಾಡಿದ್ದು ಒಂದು, ಕೆಲಸ ಮುಗಿಸಿ 1949ರ ನವೆಂಬರ್ 25ರಂದು ಮಾಡಿದ್ದು ಇನ್ನೊಂದು. ಮೊದಲನೇದ್ರಲ್ಲಿ ಹಳ್ಳಿ ಬಗ್ಗೆ ಅವರು ಆಡಿದ ಖಾರದ ಮಾತಿಗೆ ಸಭೇಲಿ ದೊಡ್ಡ ವಿರೋಧ ಬಂತು, ಅದೇ ತಿಂಗಳು ಪಂಚಾಯತಿ ಬಗ್ಗೆ ಈಗಿನ 40ನೇ ಅನುಚ್ಛೇದ ಸೇರಿಕೊಳ್ತು. ಎರಡನೇದ್ರಲ್ಲಿ ರಾಜಕೀಯದಲ್ಲಿ ಒಂದು ಮತಕ್ಕೆ ಒಂದು ಬೆಲೆ ಬಂದ್ರೂ ಸಾಮಾಜಿಕ, ಆರ್ಥಿಕ ಬದುಕಲ್ಲಿ ಅಸಮಾನತೆ ಹಾಗೇ ಇರತ್ತೆ, ಈ ವೈರುಧ್ಯ ಸರಿಹೋಗ್ದಿದ್ರೆ ಕಟ್ಟಿದ್ದೆಲ್ಲಾ ಒಡೆದುಹೋಗತ್ತೆ ಅಂತ ಎಚ್ಚರಿಸ್ತಾರೆ, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಅಂತಾನೂ ಹೇಳ್ತಾರೆ. ಅಂಬೇಡ್ಕರ್ ಅವರ ಬರಹಗಳು ಮತ್ತು ಭಾಷಣಗಳ ಸಂಪುಟಗಳು ಕನ್ನಡದಲ್ಲಿ ಸರ್ಕಾರದಿಂದಲೇ ಬಂದಿವೆ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಪ್ರಕಟಿಸಿದೆ, ಕಾಲೇಜ್ ಲೈಬ್ರರೀಲಿ ಕೇಳಿ.

ನಂತರ ನಮ್ಮ ಕಡೆಯವರ ಮಾತು ಹುಡುಕಿ. ಮೈಸೂರು ಸಂಸ್ಥಾನದಿಂದ ಕೆ.ಸಿ. ರೆಡ್ಡಿ, ಟಿ. ಸಿದ್ದಲಿಂಗಯ್ಯ, ಕೆಂಗಲ್ ಹನುಮಂತಯ್ಯ ಇವರೆಲ್ಲಾ ಆ ಸಭೇಲಿದ್ರು. ನಮಗೆ ವೀಣೆಯ ಸಂಗೀತ ಬೇಕಿತ್ತು, ಇಲ್ಲಿ ಇಂಗ್ಲಿಷ್ ಬ್ಯಾಂಡ್ ಕೇಳಿಸ್ತಿದೆ ಅಂತ 1949ರ ನವೆಂಬರಲ್ಲಿ ಸಂವಿಧಾನದ ಬಗ್ಗೆ ಅಸಮಾಧಾನ ಹೇಳಿದ್ದು ಇದೇ ಹನುಮಂತಯ್ಯನವರು, ಮುಂದೆ ವಿಧಾನಸೌಧ ಕಟ್ಟಿಸಿದವರು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ತಯಾರು ಮಾಡಿದ ಬೆನಗಲ್ ನರಸಿಂಗ ರಾವ್ ಮಂಗಳೂರಿನವರು. ಹೀಗೆ ಹೆಸರು, ಊರು ಗೊತ್ತಾದ್ರೆ ಆ ದಪ್ಪ ಸಂಪುಟ ದೂರದ್ದು ಅನ್ಸಲ್ಲ.

ಚರ್ಚೆಗಳು ಪೂರ್ತಿಯಾಗಿ ಆನ್‌ಲೈನಲ್ಲಿ ಇವೆ, ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಅವರು ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ಅನ್ನೋ ವೆಬ್‌ಸೈಟಲ್ಲಿ ಅನುಚ್ಛೇದದ ಪ್ರಕಾರ ಜೋಡಿಸಿ ಇಟ್ಟಿದ್ದಾರೆ. ಜೊತೆಗೆ ಓದೋಕೆ ಗ್ರಾನ್‌ವಿಲ್ ಆಸ್ಟಿನ್ ಅವರ 1966ರ ಪುಸ್ತಕ, ದಿ ಇಂಡಿಯನ್ ಕಾನ್‌ಸ್ಟಿಟ್ಯೂಷನ್, ಕಾರ್ನರ್‌ಸ್ಟೋನ್ ಆಫ್ ಎ ನೇಷನ್. ರಾಷ್ಟ್ರದ ಏಕತೆ, ಪ್ರಜಾಪ್ರಭುತ್ವ, ಸಾಮಾಜಿಕ ಕ್ರಾಂತಿ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ, ಒಂದನ್ನ ಬಿಟ್ಟು ಇನ್ನೊಂದು ಇಲ್ಲ ಅನ್ನೋದು ಅವರ ವಾದ. ಹಬ್ಬದ ರಜೆಯಲ್ಲಿ ಒಂದೇ ಸಮನೆ ಕೂತು ಓದುವಂಥದ್ದು. ಸಂವಿಧಾನ ಜಾರಿಗೆ ಬಂದ ಮೇಲೆ ಕೋರ್ಟು ಸಂಸತ್ತು ನಡುವೆ ಏನೇನಾಯ್ತು ಅನ್ನೋ ಅವರ 1999ರ ಎರಡನೇ ಪುಸ್ತಕ ಬಹಳ ದಪ್ಪ, ಅದನ್ನ ಎಮರ್ಜೆನ್ಸಿ ಬಗ್ಗೆ ಓದೋವಾಗ ತೆಗೀರಿ.

ತೀರ್ಪು ಓದೋದು ಹೇಗೆ, ಬೊಮ್ಮಾಯಿ ಕೇಸನ್ನೇ ಹಿಡಿದು

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡ್ತೀನಿ, ಯಾಕಂದ್ರೆ ಇದೊಂದು ಕೈಗೆ ಬಂದ್ರೆ ಬಾಕಿ ಎಲ್ಲಾ ದಾಖಲೆ ಓದೋ ಧೈರ್ಯ ಬರತ್ತೆ.

ಮೊದಲು 356ನೇ ಅನುಚ್ಛೇದದ ಪಠ್ಯ ಓದಿ. ರಾಜ್ಯದ ಆಡಳಿತ ಸಂವಿಧಾನದ ಪ್ರಕಾರ ನಡೆಯೋಕೆ ಆಗದ ಪರಿಸ್ಥಿತಿ ಬಂದಿದೆ ಅಂತ ರಾಜ್ಯಪಾಲರ ವರದಿಯಿಂದ ಅಥವಾ ಬೇರೆ ರೀತಿಯಿಂದ ರಾಷ್ಟ್ರಪತಿಗೆ ಮನವರಿಕೆ ಆದ್ರೆ ರಾಷ್ಟ್ರಪತಿ ಆಳ್ವಿಕೆ ಹೇರಬಹುದು ಅನ್ನೋದು ಅದರ ಸಾರ. ಆಮೇಲೆ 1949ರ ಆಗಸ್ಟ್ 3 ಮತ್ತು 4ರ ಚರ್ಚೆಗೆ ಹೋಗಿ, ಕರಡಲ್ಲಿ ಇದರ ನಂಬರ್ 278 ಆಗಿತ್ತು, ಈ ನಂಬರ್ ಗೊತ್ತಿಲ್ದಿದ್ರೆ ಹುಡುಕ್ತಾನೇ ಇರ್ಬೇಕಾಗತ್ತೆ. ಮಂಗಳೂರಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದನ್ನ ಎಷ್ಟು ತೀವ್ರವಾಗಿ ವಿರೋಧಿಸಿದ್ರು ಅನ್ನೋದು ಅಲ್ಲಿದೆ, ಇದು ಬಳಕೆಗೇ ಬರದೆ ಸತ್ತ ಅಕ್ಷರವಾಗಿ ಉಳಿಯತ್ತೆ ಅಂತ ಆಶಿಸ್ತೀನಿ ಅಂತ ಅಂಬೇಡ್ಕರ್ ಉತ್ತರ ಕೊಟ್ಟಿದ್ದೂ ಅಲ್ಲೇ ಇದೆ.

ಈಗ ಘಟನೆ. 1988ರ ಆಗಸ್ಟಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ ಆದ್ರು. 1989ರ ಏಪ್ರಿಲಲ್ಲಿ 19 ಶಾಸಕರು ಬೆಂಬಲ ವಾಪಸ್ ತಗೊಂಡಿದ್ದಾರೆ ಅನ್ನೋ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯ ಅವರ ಕೈಗೆ ಬಂತು, ಅವರು ದೆಹಲಿಗೆ ವರದಿ ಕಳಿಸಿದ್ರು, ಅಷ್ಟರಲ್ಲಿ ಅದೇ ಶಾಸಕರಲ್ಲಿ ಕೆಲವರು ನಾವು ಸರ್ಕಾರದ ಜೊತೆಗೇ ಇದ್ದೀವಿ ಅಂತ ಬರೆದು ಕೊಟ್ರು, ಸದನದಲ್ಲೇ ಬಹುಮತ ತೋರಿಸ್ತೀನಿ ಅವಕಾಶ ಕೊಡಿ ಅಂತ ಬೊಮ್ಮಾಯಿ ಕೇಳಿದ್ರೂ ಕೇಳದೆ ಏಪ್ರಿಲ್ 21ಕ್ಕೆ ಸರ್ಕಾರ ವಜಾ ಆಯ್ತು. ಹೈಕೋರ್ಟಲ್ಲಿ ಬೊಮ್ಮಾಯಿ ಸೋತ್ರು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು 1994ರ ಮಾರ್ಚ್ 11ಕ್ಕೆ, ಅಷ್ಟರಲ್ಲಿ ಇಲ್ಲಿ ಚುನಾವಣೆ ನಡೆದು ಬೇರೆ ಸರ್ಕಾರ ಬಂದು ಎಷ್ಟೋ ಕಾಲ ಆಗಿತ್ತು, ಬೊಮ್ಮಾಯಿಗೆ ಕುರ್ಚಿ ವಾಪಸ್ ಸಿಗ್ಲಿಲ್ಲ. ಆದ್ರೆ ಬಹುಮತದ ಪರೀಕ್ಷೆ ರಾಜಭವನದಲ್ಲಿ ಅಲ್ಲ ಸದನದಲ್ಲೇ ನಡೀಬೇಕು, 356ರ ಘೋಷಣೆಯನ್ನ ಕೋರ್ಟ್ ಪರಿಶೀಲಿಸ್ಬಹುದು, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ (ಅಂದ್ರೆ ತಿದ್ದುಪಡಿ ಮಾಡಿಯೂ ಸಂಸತ್ತು ಕೆಡಿಸೋಕೆ ಆಗದ್ದರ) ಭಾಗ ಅನ್ನೋ ಮೂರು ತೀರ್ಮಾನ ಇಡೀ ದೇಶಕ್ಕೆ ಸಿಕ್ತು.

ಇಷ್ಟು ಹಿನ್ನೆಲೆ ಇಟ್ಕೊಂಡು ತೀರ್ಪು ತೆಗೀರಿ, ಇಂಡಿಯನ್ ಕಾನೂನ್ ಸೈಟಲ್ಲಿ ಫ್ರೀ ಇದೆ. ಒಂದೇ ತೀರ್ಪಲ್ಲ, ಹಲವು ನ್ಯಾಯಮೂರ್ತಿಗಳು ಬೇರೆ ಬೇರೆಯಾಗಿ ಬರೆದಿದ್ದಾರೆ, ಎಲ್ಲಾ ಓದ್ಬೇಡಿ. ಪಿ.ಬಿ. ಸಾವಂತ್ ಬರೆದಿದ್ದು ಮತ್ತು ಬಿ.ಪಿ. ಜೀವನ್ ರೆಡ್ಡಿ ಬರೆದಿದ್ದು, ಅದರಲ್ಲೂ ಕರ್ನಾಟಕದ ಸಂಗತಿ ಬರೋ ಭಾಗ, ಕೊನೆಯ ತೀರ್ಮಾನಗಳ ಭಾಗ. ಓದ್ತಾ ಒಂದು ಹಾಳೆ ಮೇಲೆ ನಾಲ್ಕು ವಿಷಯ ನಿಮ್ಮದೇ ಕನ್ನಡದಲ್ಲಿ ಬರ್ಕೊಳ್ಳಿ, ಏನಾಯ್ತು, ಪ್ರಶ್ನೆ ಏನು, ಕೋರ್ಟ್ ಏನು ಹೇಳ್ತು, ಯಾಕೆ ಹಾಗೆ ಹೇಳ್ತು. ಈ ನಾಲ್ಕನೇದೇ ಗೈಡಲ್ಲಿ ಇರಲ್ಲ. ಬೊಮ್ಮಾಯಿ ಹಾಳೆ ರೆಡಿ ಇದ್ರೆ 2018ರ ಮೇ ತಿಂಗಳಲ್ಲಿ ಕರ್ನಾಟಕದ ಸರ್ಕಾರ ರಚನೆ ಕೇಸು ರಾತ್ರೋರಾತ್ರಿ ಸುಪ್ರೀಂ ಕೋರ್ಟಿಗೆ ಹೋಗಿ ಮೇ 19ಕ್ಕೆ ಬಹುಮತ ಸಾಬೀತು ಮಾಡಿ ಅಂತ ಆದೇಶ ಆಗಿದ್ದು, 2019ರಲ್ಲಿ 17 ಶಾಸಕರ ಅನರ್ಹತೆ, ಇವೆಲ್ಲಾ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಅರ್ಥ ಆಗತ್ತೆ.

ಇದೇ ರೀತಿ ಓದ್ಬೇಕಾದ ಬೇರೆ ಕೇಸುಗಳೂ ನಮ್ಮ ಸುತ್ತಮುತ್ತಲಿನವೇ. ಕೇಶವಾನಂದ ಭಾರತಿ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಆಗಿದ್ರು, ಕೇರಳದ ಭೂಸುಧಾರಣೆ ವಿರುದ್ಧ ಅವರು ಹಾಕಿದ ಕೇಸಲ್ಲೇ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳು 7ಕ್ಕೆ 6ರ ಅಂತರದಲ್ಲಿ ಮೂಲ ಸ್ವರೂಪದ ಸಿದ್ಧಾಂತ ಕೊಟ್ಟಿದ್ದು. ಅದನ್ನ ಗಟ್ಟಿ ಮಾಡಿದ 1980ರ ಮಿನರ್ವ ಮಿಲ್ಸ್ ಕೇಸಿನ ಮಿಲ್ಲು ಇದ್ದಿದ್ದು ಬೆಂಗಳೂರಲ್ಲಿ. ಮೀಸಲಾತಿ 50 ಪರ್ಸೆಂಟ್ ದಾಟಬಾರ್ದು ಅನ್ನೋ ಮಾತಿನ ಬೇರು 1992ರ ಇಂದ್ರಾ ಸಾಹ್ನಿ ಕೇಸಲ್ಲಿದೆ ಅಂತ ಎಲ್ರೂ ಬರೀತಾರೆ, ಅದಕ್ಕೂ ಮೂವತ್ತು ವರ್ಷ ಮುಂಚೆ 1962ರಲ್ಲೇ ಎಂ.ಆರ್. ಬಾಲಾಜಿ ಕೇಸಲ್ಲಿ ಮೈಸೂರು ರಾಜ್ಯದ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳ ಆದೇಶ ರದ್ದು ಮಾಡ್ತಾ ಸುಪ್ರೀಂ ಕೋರ್ಟ್ ಅದನ್ನ ಹೇಳಿತ್ತು. ಶಿಕ್ಷಣದ ಹಕ್ಕಿನ ಮೊದಲ ದೊಡ್ಡ ಕೇಸು ಮೋಹಿನಿ ಜೈನ್, 1992, ಕರ್ನಾಟಕದ ಕ್ಯಾಪಿಟೇಷನ್ ಫೀ ಬಗ್ಗೆ. ಖಾಸಗಿತನದ ಹಕ್ಕಿನ ಬಗ್ಗೆ 2017ರಲ್ಲಿ ತೀರ್ಪು ಬಂದ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ರು. ಇಷ್ಟು ಕೇಸಿನ ಹಾಳೆಗಳು ನಿಮ್ಮ ಹತ್ರ ಇದ್ರೆ ಹಕ್ಕುಗಳ ಪೇಪರ್ ಮುಕ್ಕಾಲು ಮುಗಿದ ಹಾಗೆ.

ರಾಜಕೀಯ ಅಂದ್ರೆ ಕಾನೂನಿನ ಆಚೆಗೆ

ಸಂವಿಧಾನ ಓದಿದವರಿಗೆ ಚುನಾವಣೆ ಯಾಕೆ ಹಾಗೆ ನಡೆಯತ್ತೆ ಅನ್ನೋದು ಗೊತ್ತಾಗ್ಬೇಕಲ್ಲ, ಅದಕ್ಕೆ ಬೇರೆ ಸಾಲಿನ ಪುಸ್ತಕಗಳು ಬೇಕು. ರಜನಿ ಕೊಠಾರಿ ಅವರ 1970ರ ಪಾಲಿಟಿಕ್ಸ್ ಇನ್ ಇಂಡಿಯಾ ಇವತ್ತಿಗೂ ಬಿಡೋ ಹಾಗಿಲ್ಲ. ಕಾಂಗ್ರೆಸ್ ಅನ್ನೋದು ಒಂದು ಪಕ್ಷಕ್ಕಿಂತ ಹೆಚ್ಚಾಗಿ ಒಂದು ವ್ಯವಸ್ಥೆ ಆಗಿತ್ತು, ಜಗಳಗಳೆಲ್ಲಾ ಅದರ ಒಳಗೇ ನಡೀತಿತ್ತು ಅಂತ ಅವರು ವಿವರಿಸೋದನ್ನ ಓದಿ, ಆಮೇಲೆ ಇವತ್ತಿನ ಪರಿಸ್ಥಿತಿಗೆ ಅದು ಎಷ್ಟು ಹೊಂದತ್ತೆ ಎಷ್ಟು ಹೊಂದಲ್ಲ ಅಂತ ನೀವೇ ಯೋಚನೆ ಮಾಡಿ. ಪೂರ್ತಿ ಕಥೆ ಬೇಕು ಅನ್ನೋರಿಗೆ ರಾಮಚಂದ್ರ ಗುಹಾ ಅವರ 2007ರ ಇಂಡಿಯಾ ಆಫ್ಟರ್ ಗಾಂಧಿ ಇದೆ, ದಪ್ಪ ಇದ್ರೂ ಓದಿಸ್ಕೊಂಡು ಹೋಗತ್ತೆ. ಯಾವುದಾದ್ರೂ ಒಂದು ವಿಷಯದ ಮೇಲೆ ಪ್ರಾಜೆಕ್ಟು, ಡಿಸರ್ಟೇಷನ್ ಮಾಡೋರು ನೀರಜಾ ಗೋಪಾಲ್ ಜಯಾಲ್ ಮತ್ತು ಪ್ರತಾಪ್ ಭಾನು ಮೆಹ್ತಾ ಸಂಪಾದಿಸಿರೋ ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ಪಾಲಿಟಿಕ್ಸ್ ಇನ್ ಇಂಡಿಯಾದಲ್ಲಿ ಸಂಬಂಧಪಟ್ಟ ಒಂದು ಅಧ್ಯಾಯ ಮಾತ್ರ ತೆಗೆದು ಓದಿ.

ಚುನಾವಣೆ ಬಗ್ಗೆ ಒಂದೇ ಪುಸ್ತಕ ಓದ್ತೀನಿ ಅಂದ್ರೆ ಆರ್ನಿಟ್ ಶಾನಿ ಅವರ 2018ರ ಹೌ ಇಂಡಿಯಾ ಬಿಕೇಮ್ ಡೆಮಾಕ್ರಟಿಕ್. ಸಂವಿಧಾನ ಮುಗಿಯೋಕೆ ಮುಂಚೇನೇ ಎಲ್ಲಾ ವಯಸ್ಕರ ಮತದಾರರ ಪಟ್ಟಿ ತಯಾರು ಮಾಡೋಕೆ ಗುಮಾಸ್ತರು, ಅಧಿಕಾರಿಗಳು, ನಿರಾಶ್ರಿತರು ಏನೇನು ಪಾಡು ಪಟ್ರು ಅನ್ನೋದು ಅದರ ವಿಷಯ. ಸುಮಾರು 17 ಕೋಟಿ ಮತದಾರರಿದ್ದ ಆ 1951–52ರ ಮೊದಲ ಚುನಾವಣೇಲಿ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ರಿಂದ ಪಟ್ಟಿಯಿಂದ ಹೊರಗುಳಿದ್ರು, ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದರಲ್ಲಿ ರಾಜಿ ಆಗ್ಲಿಲ್ಲ. ಮತದಾರರ ಪಟ್ಟಿ ಪರಿಷ್ಕರಣೆ ಬಗ್ಗೆ ಸುದ್ದಿ ಬಂದಾಗಲೆಲ್ಲಾ ಈ ಇತಿಹಾಸ ಗೊತ್ತಿರೋರು ಬೇರೇನೇ ರೀತಿ ಯೋಚಿಸ್ತಾರೆ.

ಕರ್ನಾಟಕದ ರಾಜಕೀಯಕ್ಕೆ ಬಂದ್ರೆ, ನಮ್ಮ ಸಿಲಬಸ್ಸಲ್ಲಿ ಒಂದು ಪೇಪರ್ ಇರತ್ತೆ, ಆದ್ರೆ ಅದಕ್ಕೆ ನೋಟ್ಸ್ ಬಿಟ್ರೆ ಬೇರೇನೂ ಓದಲ್ಲ. ಜೇಮ್ಸ್ ಮೇನರ್ ಅವರ 1977ರ ಪುಸ್ತಕ 1917ರಿಂದ 1955ರವರೆಗಿನ ಮೈಸೂರು ರಾಜಕೀಯದ ಬಗ್ಗೆ, ಸಂಸ್ಥಾನದ ಕಾಲದ ಮೇಲ್ಮಟ್ಟದ ರಾಜಕೀಯ ಹಳ್ಳಿಯ ಬಲಾಢ್ಯರ ಜೊತೆ ಹೇಗೆ ಕೂಡ್ಕೊಳ್ತು ಅಂತ ತೋರಿಸತ್ತೆ. ಅವರೇ ಪತ್ರಕರ್ತ ಇ. ರಾಘವನ್ ಜೊತೆ ಬರೆದ 2009ರ ಬ್ರಾಡನಿಂಗ್ ಅಂಡ್ ಡೀಪನಿಂಗ್ ಡೆಮಾಕ್ರಸಿ ದೇವರಾಜ ಅರಸು, ಹೆಗಡೆ ಕಾಲಕ್ಕೆ ಬರತ್ತೆ. ಇವುಗಳ ಜೊತೆ ಎಂ.ಎನ್. ಶ್ರೀನಿವಾಸ್ ಓದ್ಲೇಬೇಕು. ಅವರು ಸಮಾಜಶಾಸ್ತ್ರಜ್ಞರು, ಆದ್ರೆ ಮೈಸೂರು ಹತ್ರದ ಒಂದು ಹಳ್ಳೀಲಿ ಕೂತು ಅವರು ಕಂಡ ಪ್ರಬಲ ಜಾತಿಯ (ಸಂಖ್ಯೆ, ಜಮೀನು, ಅಧಿಕಾರದಲ್ಲಿ ಮೇಲುಗೈ ಇರೋ ಜಾತಿಯ) ಪರಿಕಲ್ಪನೆ ಇಲ್ದೆ ನಮ್ಮ ಟಿಕೆಟ್ ಹಂಚಿಕೆ ಅರ್ಥಾನೇ ಆಗಲ್ಲ, ವೋಟ್ ಬ್ಯಾಂಕ್ ಅನ್ನೋ ಮಾತನ್ನ ಚಲಾವಣೆಗೆ ತಂದವರೂ ಅವರೇ. ಅವರ ದಿ ರಿಮೆಂಬರ್ಡ್ ವಿಲೇಜ್ ಕಾದಂಬರಿ ಥರ ಓದ್ಬಹುದು.

ಇನ್ನು ಮೂಲ ವರದಿಗಳು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ 1975ರ ಹಾವನೂರು ವರದಿವರೆಗೆ ಒಂದು ಗೆರೆ ಎಳೆದು ನೋಡಿ. ಕರ್ನಾಟಕದಲ್ಲಿ ಹಿಂದುಳಿದ ವರ್ಗದ ಪ್ರಶ್ನೆ ಕೇಂದ್ರದ ಮಂಡಲ್ ಆಯೋಗಕ್ಕಿಂತ ಎಷ್ಟು ಮುಂಚೆ ಶುರುವಾಗಿದೆ ಅನ್ನೋದು ಗೊತ್ತಾದ್ರೆ ಈಗಿನ ಜಾತಿ ಸಮೀಕ್ಷೆ ಚರ್ಚೆ ಹೊಸದಾಗಿ ಕಾಣಲ್ಲ. ಪಂಚಾಯತ್ ರಾಜ್ ವಿಷಯದಲ್ಲೂ ಅಷ್ಟೇ. ಪಂಚಾಯತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ಕ್ಕೆ ಜಾರಿ ಆಯ್ತು ಅಂತ ಬರೆದು ಮುಂದೆ ಹೋಗ್ತಾರೆ, ಅದಕ್ಕೂ ಮುಂಚೆ 1983ರ ಕರ್ನಾಟಕ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ತಂದು ಹೆಂಗಸರಿಗೆ 25 ಪರ್ಸೆಂಟ್ ಮೀಸಲಾತಿ ಕೊಟ್ಟು 1987ರಲ್ಲಿ ಚುನಾವಣೆ ನಡೆಸಿತ್ತು, ಅದರ ಹಿಂದೆ ನಿಂತಿದ್ದು ನೀರ್ ಸಾಬ್ ಅಂತ ಜನ ಕರೀತಿದ್ದ ಅಬ್ದುಲ್ ನಜೀರ್ ಸಾಬ್. ಆ ಕಾಯ್ದೆ ಮತ್ತು 1993ರ ಕಾಯ್ದೆ ಪಕ್ಕಪಕ್ಕ ಇಟ್ಟು ಓದೋದು ಒಂದು ಒಳ್ಳೇ ಪ್ರಾಜೆಕ್ಟ್. ಓದಿ ಆದ್ಮೇಲೆ ನಿಮ್ಮೂರಿನ ಗ್ರಾಮಸಭೆಗೆ ಹೋಗಿ ಒಂದು ಸಲ ಕೂತ್ಕೊಳ್ಳಿ.

ಸಿದ್ಧಾಂತ, ಚಿಂತಕರು

ಥಿಯರಿ ಪೇಪರ್ ಕಂಡ್ರೆ ತುಂಬಾ ಜನ ಹೆದರ್ತಾರೆ. ಮೊದಲು ಎನ್‌ಸಿಇಆರ್‌ಟಿ, ಆಮೇಲೆ ರಾಜೀವ್ ಭಾರ್ಗವ ಮತ್ತು ಅಶೋಕ್ ಆಚಾರ್ಯ ಸಂಪಾದಿಸಿರೋ ಪೊಲಿಟಿಕಲ್ ಥಿಯರಿ, ಇಲ್ಲಾಂದ್ರೆ ಒ.ಪಿ. ಗೌಬಾ. ಹೊರದೇಶದ ಪಠ್ಯಪುಸ್ತಕ ಬೇಕಂದ್ರೆ ಆಂಡ್ರ್ಯೂ ಹೇವುಡ್, ಚಿಕ್ಕ ಚಿಕ್ಕ ಭಾಗ, ಸ್ಪಷ್ಟ ಭಾಷೆ. ಮೂಲ ಗ್ರಂಥಗಳಲ್ಲಿ ಎರಡು ಸಣ್ಣವನ್ನ ಪೂರ್ತಿ ಓದಿ, ಮ್ಯಾಕಿಯವೆಲ್ಲಿಯ ದಿ ಪ್ರಿನ್ಸ್ ಮತ್ತು ಮಿಲ್‌ನ 1859ರ ಆನ್ ಲಿಬರ್ಟಿ. ಹಾಬ್ಸ್, ಲಾಕ್, ರೂಸೋ ಆಯ್ದ ಅಧ್ಯಾಯ ಸಾಕು.

ಭಾರತದ ಕಡೆ ಬಂದ್ರೆ ಗಾಂಧಿಯ ಹಿಂದ್ ಸ್ವರಾಜ್, ಅಂಬೇಡ್ಕರರ ಜಾತಿ ವಿನಾಶ, ಎರಡನ್ನೂ ಒಂದೇ ವಾರದಲ್ಲಿ ಒಂದಾದ ಮೇಲೊಂದು ಓದಿ, ಎರಡೂ ಕನ್ನಡದಲ್ಲಿ ಸಿಗತ್ತೆ, ಎರಡೂ ತೆಳು. ಒಂದು 1909ರಲ್ಲಿ ಹಡಗಲ್ಲಿ ಬರೆದಿದ್ದು, ಇನ್ನೊಂದು 1936ರಲ್ಲಿ ಲಾಹೋರಿನ ಸಭೆಗೆ ಅಂತ ಬರೆದು, ಕರೆದವರೇ ಬೇಡ ಅಂದಾಗ ಅಂಬೇಡ್ಕರ್ ಸ್ವತಃ ಅಚ್ಚು ಹಾಕಿಸಿದ್ದು. ಕೌಟಿಲ್ಯನ ಅರ್ಥಶಾಸ್ತ್ರ ಇವತ್ತು ಜಗತ್ತಿನ ಕೈಗೆ ಸಿಕ್ಕಿರೋದೇ ಮೈಸೂರಿನಿಂದ, ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯನ್ನ 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿ, ಅವರದ್ದೇ ಇಂಗ್ಲಿಷ್ ಅನುವಾದ 1915ರಲ್ಲಿ ಬಂತು. ಅದರ 15 ಅಧಿಕರಣಗಳಲ್ಲಿ, ಅಂದ್ರೆ ಭಾಗಗಳಲ್ಲಿ, ಮಂತ್ರಿಗಳು, ಅಧಿಕಾರಿಗಳ ಕೆಲಸದ ಮೊದಲ ಎರಡು, ರಾಜಮಂಡಲದ (ಸುತ್ತಲಿನ ರಾಜ್ಯಗಳ ಜೊತೆಗಿನ ಸಂಬಂಧದ) ಬಗ್ಗೆ ಹೇಳೋ 6 ಮತ್ತು 7 ಸಾಕು ವಿದ್ಯಾರ್ಥಿಗಳಿಗೆ.

ಕನ್ನಡದಲ್ಲೇ ಮೂಲವಾಗಿ ಬರೆದಿರೋದು ಏನಿದೆ ಅಂದ್ರೆ ಡಿ.ವಿ.ಜಿ. ಅವರ ರಾಜ್ಯಶಾಸ್ತ್ರ, ರಾಜ್ಯಾಂಗ ತತ್ತ್ವಗಳು. ಕಗ್ಗ ಓದಿದವರಿಗೂ ಈ ಪುಸ್ತಕಗಳು ಇವೆ ಅಂತ ಗೊತ್ತಿರಲ್ಲ. ಭಾಷೆ ಹಳೇದು, ಉದಾಹರಣೆಗಳೂ ಹಳೇವು, ಆದ್ರೆ ಪ್ರಜೆಯ ಹೊಣೆ, ಪಕ್ಷಗಳ ಶಿಸ್ತು ಇಂಥ ವಿಷಯವನ್ನ ಕನ್ನಡದಲ್ಲಿ ಯೋಚಿಸಿ ಬರೆಯೋದು ಹೇಗೆ ಅಂತ ಕಲಿಯೋಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. 

ಅಂತಾರಾಷ್ಟ್ರೀಯ ಸಂಬಂಧಕ್ಕೆ ಬೇಲಿಸ್ ಮತ್ತು ಸ್ಮಿತ್ ಸಂಪಾದಿಸಿರೋ ಗ್ಲೋಬಲೈಸೇಷನ್ ಆಫ್ ವರ್ಲ್ಡ್ ಪಾಲಿಟಿಕ್ಸ್, ಭಾರತದ ವಿದೇಶಾಂಗ ನೀತಿಗೆ ಶಿವಶಂಕರ್ ಮೆನನ್ ಅವರ 2016ರ ಚಾಯ್ಸಸ್. ಡಿಗ್ರಿ ಮಟ್ಟಕ್ಕೆ ಇಷ್ಟು ಸಾಕು.

ದಿನಾ ಓದೋದು

ಪೇಪರ್ ಓದಿ ಅಂತ ಎಲ್ರೂ ಹೇಳ್ತಾರೆ, ಹೇಗೆ ಅಂತ ಹೇಳಲ್ಲ. ಒಂದು ಕನ್ನಡ ಪೇಪರ್, ಒಂದು ಇಂಗ್ಲಿಷ್ ಪೇಪರ್. ಒಂದೇ ವಿಷಯದ ಮೇಲೆ ಎರಡರ ಸಂಪಾದಕೀಯ ಬಂದ ದಿನ ಎರಡನ್ನೂ ಕತ್ತರಿಸಿ ಅಂಟಿಸಿ. ವಿಧೇಯಕ ಒಂದು ಮಂಡನೆ ಆಯ್ತು ಅಂದ್ರೆ ಟಿವಿ ಚರ್ಚೆ ನೋಡೋ ಬದಲು ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ವೆಬ್‌ಸೈಟಿಗೆ ಹೋಗಿ, ಬಿಲ್ಲಿನ ಸಾರಾಂಶ ಕೆಲವೇ ಪುಟದಲ್ಲಿ ಇರತ್ತೆ, ಪಕ್ಷಪಾತ ಇರಲ್ಲ, ರಾಜ್ಯಗಳ ಬಜೆಟ್ ವಿಶ್ಲೇಷಣೇನೂ ಹಾಕ್ತಾರೆ. ವಿಧಾನಸಭೆ ಅಧಿವೇಶನ ನಡೀವಾಗ ಕಲಾಪ ಲೈವ್ ನೋಡಿ, 224 ಜನರ ಸಭೆ ಮತ್ತು 75 ಜನರ ಪರಿಷತ್ತು ಎರಡರ ಚರ್ಚೆಯ ಧಾಟಿ ಹೇಗೆ ಬೇರೆ ಅಂತ ಗಮನಿಸಿ. ಎಂಎ ವಿದ್ಯಾರ್ಥಿಗಳು ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ವಾರಕ್ಕೆ ಒಂದು ಲೇಖನ ಅಂತ ಇಟ್ಕೊಂಡ್ರೂ ವರ್ಷದ ಕೊನೇಲಿ ತುಂಬಾ ವ್ಯತ್ಯಾಸ ಕಾಣತ್ತೆ, ಆ ಪತ್ರಿಕೆ ಕಾಲೇಜಿಗೆ ಬರ್ತಿಲ್ಲ ಅಂದ್ರೆ ಎಲ್ರೂ ಸಹಿ ಹಾಕಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡಿ.

ಎಲ್ಲಿ ಸಿಗತ್ತೆ, ಎಷ್ಟು ದಿನ ಬೇಕು

ಇಷ್ಟೆಲ್ಲಾ ಪುಸ್ತಕ ಕೊಂಡುಕೊಳ್ಳೋಕೆ ದುಡ್ಡೆಲ್ಲಿದೆ ಅಂತ ಕೇಳೋದು ಸರಿಯಾಗೇ ಇದೆ. ಕೊಂಡುಕೊಳ್ಬೇಕಾಗಿರೋದು ಎರಡೇ, ಸಂವಿಧಾನ ಮತ್ತು ಒಂದು ಪಠ್ಯಪುಸ್ತಕ. ಎನ್‌ಸಿಇಆರ್‌ಟಿ ಫ್ರೀ, ಚರ್ಚೆಗಳು ಫ್ರೀ, ತೀರ್ಪುಗಳು ಫ್ರೀ. ಇಗ್ನೋದ ಸ್ಟಡಿ ಮೆಟೀರಿಯಲ್ ಇ-ಜ್ಞಾನಕೋಶ ಸೈಟಲ್ಲಿ ಫ್ರೀ ಇದೆ, ಪಾಠದ ಕೊನೇಲಿ ಮುಂದೆ ಏನು ಓದ್ಬೇಕು ಅನ್ನೋದನ್ನೂ ಕೊಟ್ಟಿರ್ತಾರೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಕನ್ನಡ ಪಠ್ಯಗಳು ಅಲ್ಲಿ ಓದಿದವರ ಮನೇಲಿ ಸಿಗತ್ತೆ, ಕೇಳಿ ಇಸ್ಕೊಳ್ಳಿ. ಬೆಂಗಳೂರಲ್ಲಿ ಇರೋರಿಗೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಇದೆ, ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೇಲಿದೆ. ಹಳ್ಳಿ ಕಡೆ ಇರೋರು ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಹೋಗಿ, ಇಂಥ ಪುಸ್ತಕ ತರಿಸಿ ಅಂತ ಬರೆದು ಕೊಡಿ, ಬಾಯಲ್ಲಿ ಹೇಳಿದ್ರೆ ಮರೆತುಹೋಗ್ತಾರೆ.

ಟೈಮ್ ವಿಷಯ ಹೇಳ್ಬೇಕಂದ್ರೆ, ಮೊದಲ ಸೆಮಿಸ್ಟರಲ್ಲಿ ಸಂವಿಧಾನದ ನಾನು ಹೇಳಿದ ಭಾಗಗಳು, ಎನ್‌ಸಿಇಆರ್‌ಟಿ ಮತ್ತು ಅಂಬೇಡ್ಕರರ ಎರಡು ಭಾಷಣ, ಇಷ್ಟೇ ಇಟ್ಕೊಳ್ಳಿ. ಎರಡನೇದ್ರಲ್ಲಿ ಬೊಮ್ಮಾಯಿ ಮತ್ತು ಇನ್ನೊಂದು ಕೇಸು, ಆಸ್ಟಿನ್ನು. ಎರಡನೇ ವರ್ಷ ಕೊಠಾರಿ, ಶ್ರೀನಿವಾಸ್, ಕರ್ನಾಟಕದ ಪುಸ್ತಕಗಳು. ಥಿಯರಿಯ ಮೂಲ ಗ್ರಂಥಗಳನ್ನ ಬೇಸಿಗೆ ರಜೆಗೆ ಬಿಡಿ, ಕ್ಲಾಸು ಇಂಟರ್ನಲ್ಸು ನಡೀತಿರೋವಾಗ ಅವು ತಲೆಗೆ ಹತ್ತಲ್ಲ. ನಾಲ್ಕೈದು ಜನ ಸೇರ್ಕೊಂಡು ಓದಿದ್ರೆ ಇನ್ನೂ ಒಳ್ಳೇದು, ಒಬ್ಬೊಬ್ರು ಒಂದೊಂದು ತೀರ್ಪಿನ ಹಾಳೆ ತಯಾರು ಮಾಡಿ, ಶನಿವಾರ ಸಂಜೆ ಒಬ್ರು ಹೇಳಿ ಉಳಿದವರು ಪ್ರಶ್ನೆ ಕೇಳಿ, ಆಮೇಲೆ ಹಾಳೆಗಳನ್ನ ಜೆರಾಕ್ಸ್ ಮಾಡಿಸಿ ಹಂಚ್ಕೊಳ್ಳಿ.